ಕಾಗದವಿಲ್ಲದ ವಾಲ್ಮೆಟ್‌ಗೆ ಗುಜರಿ ಬೆಲೆಯೂ ಇಲ್ಲ

1960ರಲ್ಲಿ ಫಿನ್ಲೆಂಡ್ ಸೇನೆ ಪರೀಕ್ಷೆಗೆಂದು ಮಾಡಿಸಿದ, ಕಲಾಶ್ನಿಕೋವ್ (ಎಕೆ) ವಂಶದ ವಾಲ್ಮೆಟ್ ರೈಫಲ್ ನೋಡಿದವರಿಗೆ ಮೊದಲು ಕಾಣುವುದು ಅದರಲ್ಲಿ ಇಲ್ಲದ ಒಂದು ಭಾಗ. ಟ್ರಿಗರ್ ಸುತ್ತ ಇರಬೇಕಾದ ಲೋಹದ ಬಳೆ ಅದಕ್ಕಿರಲಿಲ್ಲ. ಮರೆತು ಬಿಟ್ಟದ್ದಲ್ಲ. ದಪ್ಪ ಕೈಗವಸಿನ ಬೆರಳು ಬಳೆಯೊಳಗೆ ತೂರದು. ಕೈಗವಸು ಕಳಚಿದರೆ ಆ ಚಳಿಯಲ್ಲಿ ಚರ್ಮ ಕಬ್ಬಿಣಕ್ಕೇ ಅಂಟೀತು. ಎರಡು ವರ್ಷದ ನಂತರ ಬಂದ ಆರ್‌ಕೆ 62 ಮಾದರಿಯಲ್ಲಿ ಬಳೆ ಮರಳಿ ಬಂತು. ಬಳೆಯಿಲ್ಲದ ಆ 1960ರ ಬಂದೂಕು ಇವತ್ತು ಸಂಗ್ರಹಕಾರರಿಗೆ ಬಹುತೇಕ ಕನಸಿನ ಮಾತು.

ಫಿನ್ಲೆಂಡ್‌ನವರಿಗೆ ರಷ್ಯನ್ ಬಂದೂಕು ಬಿಚ್ಚಿ ತಿದ್ದುವುದು ಹೊಸದೇನಲ್ಲ. 1939ರ ಚಳಿಗಾಲದ ಯುದ್ಧದಲ್ಲಿ ಸೋವಿಯತ್ ಸೇನೆಯನ್ನು ಅವರು ಎದುರಿಸಿದ್ದು ಹೆಚ್ಚಾಗಿ ರಷ್ಯನ್ ಮೂಲದ ಮೋಸಿನ್ ರೈಫಲ್‌ಗಳಿಂದಲೇ: ಹಳೆಯ ರಷ್ಯನ್ ರಿಸೀವರ್ (ಬಂದೂಕಿನ ಯಂತ್ರಭಾಗ ಕೂರುವ ಒಡಲು), ತಮ್ಮದೇ ಹೊಸ ಬ್ಯಾರೆಲ್. ಕಲಾಶ್ನಿಕೋವ್ ವಿಷಯದಲ್ಲೂ ಅದೇ ಚಾಳಿ ಮುಂದುವರಿಯಿತು. ಪೋಲೆಂಡ್‌ನಲ್ಲಿ ಪರವಾನಗಿ ಮೇಲೆ ತಯಾರಾದ ಎಕೆಯನ್ನು ಮಾದರಿಯಾಗಿಟ್ಟುಕೊಂಡು, 7.62×39 ಗುಂಡನ್ನು ಹಾಗೆಯೇ ಉಳಿಸಿಕೊಂಡು, ಉಳಿದದ್ದನ್ನೆಲ್ಲ ತಮ್ಮ ಕಾಡಿಗೆ ಹೊಂದಿಸಿಕೊಂಡರು. ಮರದ ಹಿಡಿಗಳು ಹೋಗಿ ಪ್ಲಾಸ್ಟಿಕ್ ಬಂತು, ಹಿಂಬದಿಗೆ ಉಕ್ಕಿನ ಕೊಳವೆ ಬಂತು. ಎಕೆಯಲ್ಲಿ ಬ್ಯಾರೆಲ್ ಬುಡದಲ್ಲಿದ್ದ ಹಿಂಗುರಿಯನ್ನು, ಅಂದರೆ ಗುರಿ ಹಿಡಿಯಲು ಕಣ್ಣಿಗೆ ಹತ್ತಿರ ಇರುವ ಸಾಧನವನ್ನು, ರಿಸೀವರ್ ಮುಚ್ಚಳದ ಹಿಂತುದಿಗೆ ಸರಿಸಿದರು. ಮುಂಗುರಿ ಮತ್ತು ಹಿಂಗುರಿಗಳ ನಡುವಿನ ಅಂತರ ಹೆಚ್ಚಿದಷ್ಟೂ ಗುರಿಯ ತಪ್ಪು ಕಡಿಮೆ. ನನ್ನ ಮಟ್ಟಿಗೆ ಇಡೀ ಬಂದೂಕಿನ ಜಾಣತನ ಇರುವುದು ಈ ಒಂದು ಬದಲಾವಣೆಯಲ್ಲೇ.

ಇದನ್ನು ತಯಾರಿಸಿದ ಎರಡು ಕಾರ್ಖಾನೆಗಳಲ್ಲಿ ಸಾಕೋ ಖ್ಯಾತಿ ಬೇಟೆಯ ರೈಫಲ್‌ಗಳದ್ದು. ಇನ್ನೊಂದು ವಾಲ್ಮೆಟ್. ಯುದ್ಧ ಸೋತ ಫಿನ್ಲೆಂಡ್ ಸೋವಿಯತ್ ಒಕ್ಕೂಟಕ್ಕೆ ಪರಿಹಾರವಾಗಿ ಹಡಗು, ಯಂತ್ರಗಳನ್ನು ಕೊಡಬೇಕಾಗಿ ಬಂದಾಗ, ಸರ್ಕಾರಿ ಲೋಹದ ಕಾರ್ಖಾನೆಗಳನ್ನೆಲ್ಲ ಒಂದೇ ಸೂರಿನಡಿ ತಂದು ಕಟ್ಟಿದ ಸಂಸ್ಥೆ ಅದು. ಇವೆರಡೂ ಸೇರಿ 1965ರಿಂದ ಮೂರು ದಶಕಗಳಲ್ಲಿ ಸುಮಾರು ಮೂರೂವರೆ ಲಕ್ಷ ರೈಫಲ್ ಹೊರತಂದವು. ಇಸ್ರೇಲ್‌ನ ಗಲೀಲ್ ರೈಫಲ್ ಹುಟ್ಟಿದ್ದೂ ಇದೇ ಬಳ್ಳಿಯಲ್ಲಿ. ಅದರ ಮೊದಲ ಮಾದರಿಗಳಿಗೆ ಫಿನ್ಲೆಂಡ್‌ನ ರಿಸೀವರ್‌ಗಳನ್ನೇ ಬಳಸಿದ್ದರು.

ಮೂರೂವರೆ ಲಕ್ಷ ಇದ್ದ ಮೇಲೆ ಅಪರೂಪ ಹೇಗಾಯಿತು? ಉತ್ತರ ಇರುವುದು ಅಮೆರಿಕದಲ್ಲಿ. ಸೇನೆಗೆ ಹೋದವು ಸೇನೆಯಲ್ಲೇ ಉಳಿದವು. ಅಮೆರಿಕದ ಅಂಗಡಿಗೆ ಬಂದದ್ದು ಒಂದೊಂದೇ ಗುಂಡು ಹಾರಿಸುವ ವಾಲ್ಮೆಟ್ ಮಾದರಿಗಳಾದ ಎಂ62/ಎಸ್, ಎಂ71/ಎಸ್, ಆಮೇಲೆ ತಗಡು ಒತ್ತಿ ಮಾಡಿದ ರಿಸೀವರಿನ ಎಂ76 ಮತ್ತು ಉದ್ದ ಬ್ಯಾರೆಲ್ಲಿನ ಎಂ78. 1989ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್‌ನಲ್ಲಿ ಒಬ್ಬಾತ ಶಾಲೆಯ ಅಂಗಳಕ್ಕೆ ನುಗ್ಗಿ ಐವರು ಮಕ್ಕಳನ್ನು ಕೊಂದ. ಅವನ ಕೈಯಲ್ಲಿದ್ದದ್ದು ಚೀನಾದಲ್ಲಿ ಮಾಡಿದ ಎಕೆ. ಅದೇ ವರ್ಷ ಅಮೆರಿಕ ಸರ್ಕಾರ ಇಂಥ ರೈಫಲ್‌ಗಳ ಆಮದು ನಿಲ್ಲಿಸಿತು, ಆ ಪಟ್ಟಿಯಲ್ಲಿ ವಾಲ್ಮೆಟ್ ಕೂಡ ಇತ್ತು. ಬಾಗಿಲು ಮುಚ್ಚಿದ ದಿನ ಒಳಗಿದ್ದವಷ್ಟೇ ಮಾರುಕಟ್ಟೆಯಲ್ಲಿ ಉಳಿದವು.

ಪೂರ್ತಿ ಸ್ವಯಂಚಾಲಿತ ಬಂದೂಕಿನ ಲೆಕ್ಕ ಇನ್ನೂ ಬಿಗಿ. 1986ರ ಮೇ 19ರೊಳಗೆ ಕಾನೂನುಬದ್ಧವಾಗಿ ನೋಂದಣಿಯಾದ ಮೆಷಿನ್‌ಗನ್ ಮಾತ್ರ ಅಲ್ಲಿ ಒಬ್ಬ ನಾಗರಿಕನಿಂದ ಇನ್ನೊಬ್ಬನಿಗೆ ದಾಟಬಹುದು. ಪರವಾನಗಿ ಇದ್ದ ಅಮೆರಿಕನ್ ತಯಾರಕರು ಆ ಗಡುವಿಗೆ ಮುಂಚೆ ಕೆಲವು ಎಂ76ಗಳನ್ನು ಸ್ವಯಂಚಾಲಿತವಾಗಿ ಮಾರ್ಪಡಿಸಿ ನೋಂದಾಯಿಸಿದ್ದರು. ಅವು ಇಂದು ದುಬಾರಿ ವಸ್ತುಗಳು. ನೋಂದಣಿ ಕಾಗದ ಇಲ್ಲದ ಅದೇ ಬಂದೂಕು ಅಪರಾಧದ ಸಾಕ್ಷಿ, ಅಷ್ಟೆ. ರಾಜ್ಯಗಳ ಕಾನೂನು ಬೇರೆ. ಒಂದು ರಾಜ್ಯದಲ್ಲಿ ಸಲ್ಲುವುದು ಪಕ್ಕದಲ್ಲಿ ಸಲ್ಲದು. ಹಾಗಾಗಿ ಬಣ್ಣ, ಗೀರು ನೋಡುವ ಮೊದಲು ರಿಸೀವರ್ ಮೇಲಿನ ಅಂಕಿಯನ್ನು ಕಾಗದದ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು.

ಬಿಡಿಭಾಗದ ತಲೆನೋವೂ ಉಂಟು. ಕಲಾಶ್ನಿಕೋವ್ ವಂಶ ಅಂದಮಾತ್ರಕ್ಕೆ ಎಕೆಯ ಎಲ್ಲ ಭಾಗವೂ ಇದಕ್ಕೆ ಕೂರುತ್ತದೆ ಎಂದು ನಂಬಿದವರು ಕೈಸುಟ್ಟುಕೊಂಡಿದ್ದಾರೆ. 5.56 ಗುಂಡಿನ ಎಂ76 ಕೊಂಡವರಿಗೆ ಅದರದೇ ಮ್ಯಾಗಜೀನ್ (ಗುಂಡು ತುಂಬುವ ಪೆಟ್ಟಿಗೆ) ಹುಡುಕುವುದು ಇನ್ನೊಂದು ಬೇಟೆ. ಫಿನ್ಲೆಂಡ್‌ನ ಪೂಕ್ಕೊ ಚಾಕುವಿನ ಆಕಾರದ, ಬಂದೂಕಿನ ತುದಿಗೆ ಸಿಕ್ಕಿಸುವ ಬಾಯೊನೆಟ್‌ಗೆ ಪ್ರತ್ಯೇಕ ಅಭಿಮಾನಿಗಳೇ ಇದ್ದಾರೆ.

ಯುರೋಪಿನಲ್ಲಿ ದಾರಿ ಬೇರೆ. ಗುಂಡು ಹಾರದಂತೆ ಶಾಶ್ವತವಾಗಿ ನಿಷ್ಕ್ರಿಯಗೊಳಿಸಿದ ಬಂದೂಕು ಗೋಡೆಗೆ ತೂಗುಹಾಕುವವರು ಅಲ್ಲಿ ಹಲವರು. 2016ರಿಂದ ಐರೋಪ್ಯ ಒಕ್ಕೂಟದಲ್ಲಿ ನಿಷ್ಕ್ರಿಯಗೊಳಿಸುವ ವಿಧಾನಕ್ಕೆ ಒಂದೇ ಮಾನದಂಡ ಇರುವುದರಿಂದ, ಹಳೆಯ ಪದ್ಧತಿಯಲ್ಲಿ ನಿಷ್ಕ್ರಿಯಗೊಳಿಸಿದ್ದನ್ನು ಮಾರುವಾಗ ತೊಡಕು ಬರುತ್ತದೆ. ನಮ್ಮಲ್ಲಿ ಈ ಪ್ರಶ್ನೆಯೇ ಏಳದು: 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಸ್ವಯಂಚಾಲಿತ ಬಂದೂಕು ನಿಷೇಧಿತ ಆಯುಧ, ಮಾಮೂಲಿ ಪರವಾನಗಿಯಲ್ಲಿ ಸಿಗುವಂಥದ್ದಲ್ಲ. ನಮಗೆ ಚಿತ್ರ ನೋಡಿ ಚರ್ಚಿಸುವ ಭಾಗ್ಯ.

1990ರ ದಶಕದಲ್ಲಿ ಸಾಕೋ ಮಾಡಿದ ಆರ್‌ಕೆ 95 ಈ ವಂಶದ ಕೊನೆಯ ಹೊಸ ಕುಡಿ. ಅದು ಸುಮಾರು ಇಪ್ಪತ್ತು ಸಾವಿರಕ್ಕೆ ನಿಂತಿತು. ಅದೇ ದಶಕದಲ್ಲಿ ಫಿನ್ಲೆಂಡ್ ಚೀನಾದ ಮತ್ತು ಹಳೆಯ ಪೂರ್ವ ಜರ್ಮನಿಯ ಎಕೆಗಳನ್ನು ರಾಶಿರಾಶಿಯಾಗಿ ಕೊಂಡದ್ದೇ ಅಗ್ಗಕ್ಕೆ. ತನ್ನ ಕೈಯ ಒಳ್ಳೆಯ ಮಾಲು ದುಬಾರಿಯಾಯಿತು ಎಂದು ಸಂತೆಯ ಮಾಲು ತಂದಂತೆ! 2015ರ ನಂತರ ಸೇನೆ ತನ್ನ ಆರ್‌ಕೆ 62ಗಳಿಗೇ ದೂರದರ್ಶಕ ಕೂರಿಸುವ ಪಟ್ಟಿ, ಹೊಸ ಹಿಂಬದಿ ಜೋಡಿಸಿ ನವೀಕರಿಸತೊಡಗಿತು. ಹಾಗಾಗಿ ಮೂಲ ರೂಪದಲ್ಲೇ ಉಳಿದವು ಅಲ್ಲೂ ಕರಗುತ್ತಿವೆ.

ಆ ಮೂಲ ರೂಪದ ಒಂದು ಗುರುತು ರಾತ್ರಿ ಗುರಿ, ಅಂದರೆ ಕತ್ತಲಲ್ಲಿ ಗುರಿ ಹಿಡಿಯಲು ನೆರವಾಗುವ ಸಾಧನ. ಕತ್ತಲಲ್ಲಿ ಮಿನುಗಲು ಅದರಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕ ತುಂಬಿರುತ್ತದೆ, ಅದರ ಅರ್ಧಾಯುಷ್ಯ (ಅರ್ಧದಷ್ಟು ಕರಗಲು ಹಿಡಿಯುವ ಕಾಲ) ಹನ್ನೆರಡು ವರ್ಷಕ್ಕೆ ತುಸು ಮೇಲೆ. 1970ರ ದಶಕದ ಬಂದೂಕಿನಲ್ಲಿ ಈಗ ಅದರ ಹತ್ತನೆಯ ಒಂದು ಪಾಲೂ ಉಳಿದಿರುವುದು ಕಷ್ಟ. ಕಾರ್ಖಾನೆಯಿಂದ ಬಂದಂತೆಯೇ ಇದೆ ಎನ್ನುವ ಮಾರಾಟಗಾರನ ಬಂದೂಕು ದೀಪ ಆರಿಸಿದಾಗ ಫಳಫಳ ಹೊಳೆದರೆ, ಆ ಗುರಿಯನ್ನು ಯಾವಾಗ ಬದಲಿಸಿದಿರಿ ಎಂದು ಕೇಳಿ.