ಬಾಣಲೆಗೆ ಒಗ್ಗಿದ ಎಣ್ಣೆ

ಪಣಂಬೂರಿನ ನವಮಂಗಳೂರು ಬಂದರು ಅಂದರೆ ನಮಗೆ ನೆನಪಾಗುವುದು ಎಂಆರ್‌ಪಿಎಲ್‌ಗೆ ಬರುವ ಕಚ್ಚಾ ತೈಲ, ಕಲ್ಲಿದ್ದಲು, ಅದಿರು. ಅದೇ ಬಂದರಿಗೆ ತಿನ್ನುವ ಎಣ್ಣೆಯೂ ಹಡಗಿನಲ್ಲೇ ಬರುತ್ತದೆ, ಅದರಲ್ಲಿ ಮುಖ್ಯವಾದದ್ದು ತಾಳೆ ಎಣ್ಣೆ. ಸಾಧಾರಣ ಹವೆಯಲ್ಲಿ ಇದು ಅರೆಗಟ್ಟಿ. ಅದಕ್ಕೇ ಹಡಗಿನ ಟ್ಯಾಂಕಿನಲ್ಲಿ ಬಿಸಿ ಕೊಳವೆಗಳಿರುತ್ತವೆ, 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿದ ಮೇಲೆಯೇ ಪಂಪಿನಲ್ಲಿ ಇಳಿಸುತ್ತಾರೆ. ಹೀಗೆ ಬಂದದ್ದು ಬೈಕಂಪಾಡಿಯಂಥ ಕಡೆ ಶುದ್ಧಿಯಾಗಿ, ಪ್ಯಾಕೆಟ್ಟು ಡಬ್ಬಗಳಾಗಿ ಊರೂರಿಗೆ ಹೋಗುತ್ತದೆ. ದೇಶಕ್ಕೆ ವರ್ಷಕ್ಕೆ ಬೇಕಾಗುವ ಆಮದು 80 ಲಕ್ಷ ಟನ್ನಿನ ಆಸುಪಾಸು. ಪ್ರಪಂಚದಲ್ಲಿ ನಮ್ಮಷ್ಟು ತಾಳೆ ಎಣ್ಣೆ ತರಿಸಿಕೊಳ್ಳುವವರು ಬೇರಿಲ್ಲ.

ಇಷ್ಟಾದರೂ ಕರಾವಳಿಯಲ್ಲಿ ಪಾಮೋಲಿನ್, ಅಂದರೆ ತಾಳೆ ಎಣ್ಣೆಯ ದ್ರವಭಾಗ, ಎಂದರೆ ಮೂಗು ಮುರಿಯುವವರೇ ಜಾಸ್ತಿ. ತೆಂಗಿನೆಣ್ಣೆ ಒಳ್ಳೆಯದು, ಪಾಮೋಲಿನ್ ವಿಷ ಎಂಬ ಮಾತು ಮದುವೆ ಊಟದ ಪಂಕ್ತಿಯಲ್ಲೂ ಕೇಳಿಸುತ್ತದೆ. ಲೆಕ್ಕ ಹಾಕಿ ನೋಡಿದರೆ ಈ ಮಾತು ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ.

ಮೊದಲು ಮರದ ವಿಚಾರ. ಇದು ನಮ್ಮ ತಾಟಿನುಂಗಿನ ಮರ ಅಲ್ಲ, ಪಶ್ಚಿಮ ಆಫ್ರಿಕಾ ಮೂಲದ್ದು. ಒಂದು ಗೊನೆಯಲ್ಲಿ ಸಾವಿರಕ್ಕೂ ಮಿಕ್ಕಿ ಹಣ್ಣುಗಳು, ಗೊನೆ 20 ಕಿಲೋ ತೂಗುವುದೂ ಉಂಟು. ಹಣ್ಣನ್ನು ಅಡ್ಡಕ್ಕೆ ಕೊಯ್ದರೆ ಸಿಪ್ಪೆಯಡಿಯಲ್ಲಿ ನಾರುನಾರಾದ ಕೇಸರಿ ತಿರುಳು, ಅದರೊಳಗೆ ಗಟ್ಟಿ ಕರಟ, ಕರಟದೊಳಗೆ ಬಿಳಿ ಬೀಜ. ಎಣ್ಣೆ ಎರಡು ಕಡೆಯಿಂದಲೂ ಬರುತ್ತದೆ, ಆದರೆ ಗುಣ ಬೇರೆ ಬೇರೆ. ತಿರುಳಿನದ್ದು ತಾಳೆ ಎಣ್ಣೆ. ಬೀಜದ್ದು ಹೆಚ್ಚುಕಮ್ಮಿ ತೆಂಗಿನೆಣ್ಣೆಯ ಜಾತಿಯದ್ದು, ಹೋಗುವುದು ಸಾಬೂನಿಗೆ, ಮಿಠಾಯಿಗೆ.

ಈ ಹಣ್ಣಿನ ದೊಡ್ಡ ತೊಂದರೆ ಅವಸರ. ಕೊಯ್ದು ಜಜ್ಜಿದ ತಿರುಳಿನಲ್ಲಿ ಲೈಪೇಸ್ ಎಂಬ ಕಿಣ್ವ ಎಣ್ಣೆಯನ್ನು ಒಡೆಯಲು ಶುರುಮಾಡುತ್ತದೆ, ಎಣ್ಣೆ ಹುಳಿಯಾಗುತ್ತದೆ. ಸುಮಾರು 24 ಗಂಟೆಯೊಳಗೆ ಗೊನೆ ಮಿಲ್ಲಿಗೆ ಸೇರಿ ಹಬೆಯಲ್ಲಿ ಬೆಂದು ಆ ಕಿಣ್ವ ಸಾಯಬೇಕು. ಅಡಿಕೆಯಾದರೆ ಅಂಗಳದಲ್ಲಿ ಒಣಗಿಸಿ, ಸುಲಿದು, ಚಾಲಿ ಮಾಡಿ, ಧಾರಣೆ ಏರುವವರೆಗೆ ಮನೆಯಲ್ಲೇ ಇಟ್ಟುಕೊಳ್ಳಬಹುದು. ತಾಳೆಗೆ ಆ ಭಾಗ್ಯವಿಲ್ಲ. ಸುಳ್ಯದ ಕಡೆ ಹಳದಿ ಎಲೆ ರೋಗದಿಂದ ತೋಟ ಕಳೆದುಕೊಂಡವರ ನಡುವೆ ಪರ್ಯಾಯ ಬೆಳೆಯ ಮಾತು ಎದ್ದಾಗ ತಾಳೆಯ ಹೆಸರೂ ಕಿವಿಗೆ ಬೀಳುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ 11,040 ಕೋಟಿ ರೂಪಾಯಿಯ ತಾಳೆ ಎಣ್ಣೆ ಮಿಷನ್ನನ್ನೂ ಶುರುಮಾಡಿದೆ. ಆದರೆ ಸಸಿ ನೆಡುವ ಮುಂಚೆ ಹತ್ತಿರದ ಮಿಲ್ಲು ಎಷ್ಟು ದೂರ ಅಂತ ಕೇಳಿಕೊಳ್ಳುವುದು ಕ್ಷೇಮ. ಇನ್ನು ಮಳೆ: ನಮ್ಮಲ್ಲಿ ಬೀಳುವುದು ಧಾರಾಳವೇ, ಆದರೆ ಎಲ್ಲವೂ ನಾಲ್ಕೈದು ತಿಂಗಳಲ್ಲಿ ಬಿದ್ದು ಮುಗಿಯುತ್ತದೆ. ಬೇಸಿಗೆಯಲ್ಲಿ ಬೆಳೆದ ಮರವೊಂದಕ್ಕೆ ದಿನಕ್ಕೆ 200 ಲೀಟರಿನಷ್ಟು ನೀರು ಬೇಕು. ಫಲವಂತಿಕೆಯಲ್ಲಿ ಮಾತ್ರ ಇದನ್ನು ಮೀರಿಸುವ ಎಣ್ಣೆ ಬೆಳೆ ಇಲ್ಲ: ಚೆನ್ನಾಗಿ ನೋಡಿಕೊಂಡರೆ ಹೆಕ್ಟೇರಿಗೆ ವರ್ಷಕ್ಕೆ ಮೂರು ನಾಲ್ಕು ಟನ್ ಎಣ್ಣೆ. ಸೋಯಾ ಕೊಡುವುದು ಅರ್ಧ ಟನ್ನಿನ ಸುತ್ತಮುತ್ತ. ಸುಮಾತ್ರಾ, ಬೋರ್ನಿಯೋದ ಕಾಡು ಕಡಿದು ತೋಟ ಮಾಡಿದ ಪಾಪ ನಿಜವೇ. ತಾಳೆ ಬಿಟ್ಟು ಸೋಯಾ ಹಿಡಿದರೆ ಅಷ್ಟೇ ಎಣ್ಣೆಗೆ ಅದರ ಎಷ್ಟೋ ಪಟ್ಟು ನೆಲ ಬೇಕಾಗುತ್ತದೆ ಎಂಬುದೂ ಅಷ್ಟೇ ನಿಜ.

ಮಿಲ್ಲಿನಿಂದ ಹೊರಬರುವಾಗ ಎಣ್ಣೆ ಕೆಂಪು. ಕ್ಯಾರಟ್ಟಿನಲ್ಲಿರುವ ಕ್ಯಾರೊಟಿನ್ನೇ ಇದರಲ್ಲೂ ತುಂಬಿರುತ್ತದೆ, ನಮ್ಮ ದೇಹ ಅದರಿಂದ ವಿಟಮಿನ್ ಎ ಮಾಡಿಕೊಳ್ಳುತ್ತದೆ. ಪಶ್ಚಿಮ ಆಫ್ರಿಕಾದವರು ಈ ಕೆಂಪೆಣ್ಣೆಯಲ್ಲೇ ಸಾರು ಮಾಡುತ್ತಾರೆ. ನಮಗೆ ಬಣ್ಣವೂ ಬೇಡ, ವಾಸನೆಯೂ ಬೇಡ. ಹಾಗಾಗಿ ರಿಫೈನರಿಯಲ್ಲಿ ಜೇಡಿಯಂಥ ಮಣ್ಣಿನಿಂದ ಬಣ್ಣ ಹೀರಿಸಿ, ನಿರ್ವಾತದಲ್ಲಿ 240 ಡಿಗ್ರಿ ಮೇಲೆ ಹಬೆ ಹಾಯಿಸಿ ವಾಸನೆ ಓಡಿಸುತ್ತಾರೆ. ಕ್ಯಾರೊಟಿನ್ ಅಲ್ಲಿಗೆ ಮುಗಿಯಿತು. ಆಮೇಲೆ ಎಷ್ಟೋ ಕಂಪನಿಗಳು ಅದೇ ಎಣ್ಣೆಗೆ ವಿಟಮಿನ್ ಎ ಬೆರೆಸಿ ಪ್ಯಾಕೆಟ್ಟಿನ ಮೇಲೆ ಪ್ಲಸ್ ಎಫ್ ಗುರುತು ಹಾಕುತ್ತವೆ. ಇದಕ್ಕೆ ನಗಬೇಕೋ ಅಳಬೇಕೋ ತಿಳಿಯದು. ಆ ವಿಪರೀತ ಕಾವಿನಲ್ಲಿ ಗ್ಲಿಸಿಡೈಲ್ ಎಸ್ಟರ್ ಎಂಬ ಬೇಡದ ವಸ್ತುವೂ ಹುಟ್ಟುತ್ತದೆ. 2016ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಎಚ್ಚರಿಸಿದ್ದು ಇದರ ಬಗ್ಗೆಯೇ. ಅಂದರೆ ದೂರಬೇಕಾದದ್ದು ಹಣ್ಣನ್ನಲ್ಲ, ಅದನ್ನು ಕಾಯಿಸುವ ರೀತಿಯನ್ನು.

ಶುದ್ಧಿಯಾದ ಎಣ್ಣೆಯನ್ನು ನಿಧಾನವಾಗಿ ತಣಿಸಿದರೆ ಒಂದು ಭಾಗ ಹರಳುಗಟ್ಟುತ್ತದೆ. ಸೋಸಿದಾಗ ಉಳಿಯುವ ಗಟ್ಟಿ ಭಾಗ ಸ್ಟಿಯರಿನ್, ಬೇಕರಿ ಕೊಬ್ಬಿಗೆ ಹೋಗುವಂಥದ್ದು. ಸೋರಿ ಬರುವ ದ್ರವವೇ ಪಾಮೋಲಿನ್. ಉಡುಪಿಯ ಹೋಟೆಲುಗಳಲ್ಲಿ ಸಂಜೆ ನಾಲ್ಕರ ಗೋಳಿಬಜೆ, ಬನ್ಸ್ ಬೇಯುವುದು ಹೆಚ್ಚಾಗಿ ಇದರಲ್ಲೇ. ಅಗ್ಗ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ರಸಾಯನಶಾಸ್ತ್ರದ್ದು: ಸೂರ್ಯಕಾಂತಿ, ಸೋಯಾ ಎಣ್ಣೆಗಳಲ್ಲಿ ಗಾಳಿಯ ಆಮ್ಲಜನಕಕ್ಕೆ ಬೇಗ ಸೋಲುವ ಲಿನೋಲಿಕ್ ಆಮ್ಲ ಅರ್ಧಕ್ಕೂ ಹೆಚ್ಚು, ಪಾಮೋಲಿನ್ನಿನಲ್ಲಿ ನೂರಕ್ಕೆ ಹತ್ತು ಹನ್ನೆರಡು. ಹಾಗಾಗಿ ಗಂಟೆಗಟ್ಟಲೆ ಕಾದರೂ ಬೇಗ ಕೆಡುವುದಿಲ್ಲ. ಅನುಭವಿ ಭಟ್ಟರು ಇದಕ್ಕೆ ತೆಂಗಿನೆಣ್ಣೆ ಬೆರೆಸಲು ಒಪ್ಪುವುದಿಲ್ಲ, ಬಾಣಲೆಯ ತುಂಬ ನೊರೆ ಏಳುತ್ತದೆ.

ಈಗ ಪೋಷಣೆಯ ಲೆಕ್ಕ. ತಾಳೆ ಎಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಸುಮಾರು ಅರ್ಧ, ಪಾಮೋಲಿನ್ನಿನಲ್ಲಿ ಅದಕ್ಕಿಂತ ತುಸು ಕಡಿಮೆ. ಶೇಂಗಾ ಎಣ್ಣೆಯಲ್ಲಿ ಐದರಲ್ಲೊಂದು ಪಾಲಿಗೂ ಕಮ್ಮಿ. ತೆಂಗಿನೆಣ್ಣೆಯಲ್ಲಿ? ನೂರಕ್ಕೆ 90ರ ಹತ್ತಿರ. ದಿನಕ್ಕೆ 2,000 ಕ್ಯಾಲರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಸುಮಾರು 22 ಗ್ರಾಂ ಸ್ಯಾಚುರೇಟೆಡ್ ಕೊಬ್ಬು. ಊಟದ ಚಮಚದಲ್ಲಿ ಎರಡು ಚಮಚ ತೆಂಗಿನೆಣ್ಣೆಯಲ್ಲೇ ಆ ಮಿತಿ ದಾಟುತ್ತದೆ, ಪಾಮೋಲಿನ್ನಿಗೆ ನಾಲ್ಕು ಚಮಚ ಬೇಕು. ಎರಡೂ ಕೆಟ್ಟ ಕೊಲೆಸ್ಟರಾಲಾದ ಎಲ್‌ಡಿಎಲ್ ಏರಿಸುತ್ತವೆ. ತೆಂಗಿನೆಣ್ಣೆ ಒಳ್ಳೆಯದನ್ನೂ ಏರಿಸುತ್ತದೆ ಎಂಬುದು ನಿಜ, ಅದರಿಂದ ಹೃದಯಕ್ಕೆ ಲಾಭ ಎಂಬುದು ಸಾಬೀತಾಗಿಲ್ಲ. ಪ್ಯಾಕೆಟ್ಟಿನ ಮೇಲಿನ "ಕೊಲೆಸ್ಟರಾಲ್ ರಹಿತ" ಎಂಬ ಬರಹಕ್ಕೆ ಮರುಳಾಗುವಂತಿಲ್ಲ. ಗಿಡಮರದ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಬರುವಷ್ಟು ಕೊಲೆಸ್ಟರಾಲ್ ಇರುವುದಿಲ್ಲ.

ಹಾಗಾದರೆ ಅಜ್ಜಿಯ ಅಡುಗೆ? ಅಲ್ಲಿ ತೆಂಗಿನೆಣ್ಣೆ ಇದ್ದದ್ದು ಒಗ್ಗರಣೆಯ ಸೌಟಿನಲ್ಲಿ, ಕರಿಯುವುದು ಹಬ್ಬಕ್ಕೆ, ಆಟಿಯ ಮಳೆಯಲ್ಲಿ ಹಲಸಿನ ಹಪ್ಪಳಕ್ಕೆ. ಇವತ್ತು ಚಿಪ್ಸು, ಬಿಸ್ಕತ್ತು, ಪಫ್ಸು, ಖಾರಕಡ್ಡಿ ಎಲ್ಲದರೊಳಗೂ ತಾಳೆ ಎಣ್ಣೆ ಕೂತಿದೆ, ತಿನ್ನುವವರಿಗೆ ಅದು ಕಾಣುವುದಿಲ್ಲ. ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದಿದರೆ ಮಾತ್ರ ತಿಳಿಯುತ್ತದೆ. ಹಳೆಯ ವನಸ್ಪತಿಯ ಟ್ರಾನ್ಸ್ ಕೊಬ್ಬಿಗಿಂತ ಇದು ವಾಸಿ, ಅನುಮಾನವಿಲ್ಲ. 2022ರಿಂದ ಟ್ರಾನ್ಸ್ ಕೊಬ್ಬಿಗೆ ಶೇ. 2ರ ಮಿತಿ ಬಂದಿದೆ. ಆದರೆ ವಾಸಿ ಅಂತ ದಿನಾ ತಿಂದರೆ ಲೆಕ್ಕ ಮತ್ತೆ ತಪ್ಪುತ್ತದೆ.

ಇನ್ನು ಉಳಿದದ್ದು ಕರಿದೆಣ್ಣೆ. ಪದೇ ಪದೇ ಕಾದ ಎಣ್ಣೆಯಲ್ಲಿ, ಎಣ್ಣೆ ಕೆಟ್ಟಂತೆ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇ. 25 ದಾಟಿದರೆ ಅದನ್ನು ಬಳಸಬಾರದು ಎಂಬ ನಿಯಮ 2018ರಿಂದ ಜಾರಿಯಲ್ಲಿದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಸುರಿಯುವವರು ಅದರ ಲೆಕ್ಕ ಇಡಬೇಕು, ಹಳೆಯದನ್ನು ಬಯೋಡೀಸೆಲ್ಲಿಗೆ ಕೊಡಬಹುದು. ರಸ್ತೆ ಬದಿಯ ಗಾಡಿ ಆ ಲೆಕ್ಕಕ್ಕೆ ಸಿಗುವುದಿಲ್ಲ. ಅಲ್ಲಿ ಬಾಣಲೆಗೊಮ್ಮೆ ಇಣುಕಿ: ಎಣ್ಣೆ ಕಾಫಿ ಬಣ್ಣಕ್ಕೆ ತಿರುಗಿದೆಯೇ, ಸೌಟಿನಿಂದ ಜಾರುವಾಗ ಅಂಟಂಟೇ, ಹಿಟ್ಟು ಬಿಡುವ ಮುಂಚೆಯೇ ಹೊಗೆಯಾಡುತ್ತಿದೆಯೇ? ಹೌದಾದರೆ ಅವತ್ತು ಚಹಾ ಮಾತ್ರ ಕುಡಿದು ಬನ್ನಿ.