ಎಐ, ಕಾನೂನು, ನೈತಿಕತೆ: ಪೆಟ್ಟು ಬಿದ್ದವರ ಕಡೆಯಿಂದ ಓದೋಣ

ಈ ವಿಷಯ ಓದಲು ಕೂತವರು ಸಾಮಾನ್ಯವಾಗಿ ಒಂದು ಪ್ರಶ್ನೆಗೆ ಸಿಕ್ಕಿಕೊಳ್ಳುತ್ತಾರೆ: ಯಂತ್ರಕ್ಕೆ ನೈತಿಕತೆ ಇರಲು ಸಾಧ್ಯವೇ? ಪ್ರಶ್ನೆ ಚೆನ್ನಾಗಿದೆ. ಆದರೆ ಅಲ್ಲಿಂದ ಶುರು ಮಾಡಿದರೆ ಪಾಠ ಮುಂದೆ ಹೋಗುವುದೇ ಇಲ್ಲ. ನನ್ನ ಸಲಹೆ ಬೇರೆ. ಎಐ ಕೊಟ್ಟ ಅಂಕದಿಂದ ಒಬ್ಬರಿಗೆ ಕೆಲಸ ತಪ್ಪಿತು ಅಥವಾ ಜೈಲಿನ ಅವಧಿ ಜಾಸ್ತಿಯಾಯಿತು ಅಂದುಕೊಳ್ಳಿ. ಅವರು "ಯಾಕೆ ಹೀಗಾಯ್ತು? ಯಾರನ್ನು ಕೇಳಲಿ?" ಅಂದರೆ ಉತ್ತರ ಕೊಡುವವರು ಯಾರಾದರೂ ಇದ್ದಾರಾ? ಈ ಪ್ರಶ್ನೆ ಹಿಡಿದುಕೊಂಡು ಓದಿದರೆ ಪಕ್ಷಪಾತ, ಪಾರದರ್ಶಕತೆ, ಹೊಣೆಗಾರಿಕೆ ಅನ್ನುವ ದೊಡ್ಡ ಪದಗಳೆಲ್ಲ ತಮ್ಮ ಜಾಗಕ್ಕೆ ಬಂದು ಕೂರುತ್ತವೆ.

ಕಾನೂನಿಗೂ ನೈತಿಕತೆಗೂ ಏನು ನಂಟು?

ನೈತಿಕತೆ ಯಾವುದು ಸರಿ ಎಂದು ಕೇಳುತ್ತದೆ. ಕಾನೂನು ಅದರಲ್ಲಿ ಒಂದು ಭಾಗವನ್ನು ಮಾತ್ರ ಎತ್ತಿಕೊಂಡು, "ಇದನ್ನು ಮೀರಿದರೆ ದಂಡ" ಎಂದು ಹೇಳುತ್ತದೆ. ಹಾಗಾಗಿ ಕಾನೂನುಬದ್ಧವಾದದ್ದೆಲ್ಲ ಸರಿ ಅಂತೇನಿಲ್ಲ. ಇಷ್ಟು ಎಲ್ಲ ಪುಸ್ತಕದಲ್ಲೂ ಇರುತ್ತದೆ.

ಎಐ ವಿಷಯದಲ್ಲಿ ಈ ನಂಟು ಕಣ್ಣೆದುರೇ ಬೆಳೆದಿದೆ. 2021ರ ನವೆಂಬರ್‌ನಲ್ಲಿ ಯುನೆಸ್ಕೋ ಎಐ ನೈತಿಕತೆಯ ಬಗ್ಗೆ ಒಂದು ಶಿಫಾರಸನ್ನು ಅಂಗೀಕರಿಸಿತು. ಮನುಷ್ಯರ ಘನತೆ, ತಾರತಮ್ಯ ಮಾಡದಿರುವುದು, ಪಾರದರ್ಶಕತೆ, ಮನುಷ್ಯರ ಮೇಲ್ವಿಚಾರಣೆ ಎಲ್ಲವೂ ಅದರಲ್ಲಿವೆ. ಆದರೆ ಮೀರಿದವರಿಗೆ ಶಿಕ್ಷೆ ಇಲ್ಲ. 2024ರ ಆಗಸ್ಟ್ 1ರಂದು ಯುರೋಪಿಯನ್ ಒಕ್ಕೂಟದ ಎಐ ಕಾಯ್ದೆ ಜಾರಿಗೆ ಬಂತು. ಮೌಲ್ಯಗಳು ಬಹುಪಾಲು ಅವೇ. ಆದರೆ ಇಲ್ಲಿ ನಿಷೇಧಿತ ಬಳಕೆಗೆ 3.5 ಕೋಟಿ ಯೂರೋವರೆಗೆ, ಇಲ್ಲವೇ ಕಂಪನಿಯ ಜಾಗತಿಕ ವಾರ್ಷಿಕ ವಹಿವಾಟಿನ ಶೇ. 7ರವರೆಗೆ ದಂಡ ಬೀಳಬಹುದು. ನಿನ್ನೆ ಬರೀ ಒಳ್ಳೆಯ ಮಾತಾಗಿದ್ದದ್ದು ಇವತ್ತು ಕಟ್ಟಲೇಬೇಕಾದ ಲೆಕ್ಕವಾಗಿದೆ.

ಇದು ಒಂದು ದಿಕ್ಕು. ಇನ್ನೊಂದು ದಿಕ್ಕನ್ನು ಬಹಳ ಜನ ಗಮನಿಸುವುದಿಲ್ಲ. ಕಾನೂನು ಕೂಡ ನೈತಿಕತೆಯನ್ನು ಬಿಗಿಯಾಗಿ ಯೋಚಿಸುವಂತೆ ಮಾಡುತ್ತದೆ. "ಎಐ ನ್ಯಾಯವಾಗಿರಬೇಕು" ಎಂದು ಸುಮ್ನೆ ಹೇಳಿಬಿಡಬಹುದು. ನ್ಯಾಯಾಲಯದಲ್ಲಿ ಅಷ್ಟು ಸಾಲದು. ಯಾವ ಅಳತೆಯಲ್ಲಿ ನ್ಯಾಯ ಎಂದು ಅಲ್ಲಿ ಕೇಳುತ್ತಾರೆ. ಈ ಒಂದು ಪ್ರಶ್ನೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ನೋಡಲು ಕಂಪಾಸ್ ಪ್ರಕರಣವನ್ನು ನಿಧಾನವಾಗಿ ಓದಬೇಕು.

ಕಂಪಾಸ್: ಒಂದೇ ಯಂತ್ರ, ಎರಡು ನ್ಯಾಯ

ಕಂಪಾಸ್ ಅನ್ನುವುದು ಅಮೆರಿಕದ ಹಲವು ನ್ಯಾಯಾಲಯಗಳು ಬಳಸಿದ ಸಾಫ್ಟ್‌ವೇರ್. ಆರೋಪಿ ಮುಂದೆ ಮತ್ತೆ ಅಪರಾಧ ಮಾಡುವ ಸಾಧ್ಯತೆ ಎಷ್ಟು ಎಂದು ಅದು ಅಂಕ ಕೊಡುತ್ತದೆ. 2016ರಲ್ಲಿ ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆ ಫ್ಲಾರಿಡಾದ ಬ್ರೋವರ್ಡ್ ಕೌಂಟಿಯಲ್ಲಿ ಬಂಧನಕ್ಕೊಳಗಾಗಿದ್ದ 7,000ಕ್ಕೂ ಹೆಚ್ಚು ಜನರ ಅಂಕಗಳನ್ನು ತೆಗೆದು, ಆಮೇಲೆ ನಿಜಕ್ಕೂ ಏನಾಯಿತು ಎಂದು ಹೋಲಿಸಿ ನೋಡಿತು. ಮತ್ತೆ ಅಪರಾಧ ಮಾಡದೇ ಇದ್ದ ಕಪ್ಪುವರ್ಣೀಯರಲ್ಲಿ ಶೇ. 44.9 ಮಂದಿಗೆ "ಅಪಾಯ ಹೆಚ್ಚು" ಎಂಬ ಹಣೆಪಟ್ಟಿ ಬಿದ್ದಿತ್ತು. ಬಿಳಿಯರಲ್ಲಿ ಅದು ಶೇ. 23.5 ಮಾತ್ರ. ಅಂದರೆ ತಪ್ಪು ಮಾಡದವರ ಮೇಲೆ ಬಿದ್ದ ಅನುಮಾನ ಒಂದು ಗುಂಪಿಗೆ ಹತ್ತಿರಹತ್ತಿರ ಎರಡು ಪಟ್ಟು.

ತಯಾರಿಸಿದ ಕಂಪನಿ ಇದನ್ನು ಒಪ್ಪಲಿಲ್ಲ. ಅವರ ವಾದ ಹೀಗಿತ್ತು: ನಾವು "ಅಪಾಯ ಹೆಚ್ಚು" ಎಂದು ಹೇಳಿದವರಲ್ಲಿ ಎಷ್ಟು ಮಂದಿ ನಿಜಕ್ಕೂ ಮತ್ತೆ ಅಪರಾಧ ಮಾಡಿದರು ಎಂದು ನೋಡಿ, ಆ ಪ್ರಮಾಣ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ.

ಇಬ್ಬರ ಮಾತಿಗೂ ಅಂಕಿಅಂಶಗಳ ಆಧಾರ ಇತ್ತು. ಇದು ಹೇಗೆ ಸಾಧ್ಯ? ಒಂದು ಸಣ್ಣ ಲೆಕ್ಕ ಮಾಡೋಣ. ಪೆನ್ನು ಹಿಡಿದು ನೀವೂ ಬರೆಯಿರಿ. ಈ ಸಂಖ್ಯೆಗಳು ಬರೀ ಅರ್ಥವಾಗಲಿ ಎಂದು ಇಟ್ಟುಕೊಂಡವು.

ಎರಡು ಗುಂಪುಗಳಿವೆ, ಒಂದೊಂದರಲ್ಲಿ 100 ಜನ. ಮೊದಲ ಗುಂಪಿನಲ್ಲಿ 50 ಮಂದಿ ಮತ್ತೆ ಅಪರಾಧ ಮಾಡುತ್ತಾರೆ, ಎರಡನೆಯದರಲ್ಲಿ 20 ಮಂದಿ. ಯಂತ್ರ ಎರಡೂ ಕಡೆ ನಿಜವಾದ ಅಪರಾಧಿಗಳಲ್ಲಿ ಶೇ. 80 ಮಂದಿಯನ್ನು ಹಿಡಿಯುತ್ತದೆ. ಮೊದಲ ಗುಂಪಿನಲ್ಲಿ 40, ಎರಡನೆಯದರಲ್ಲಿ 16. ಯಂತ್ರ ಗುರುತು ಹಾಕಿದ ಪ್ರತಿ ಮೂವರಲ್ಲಿ ಇಬ್ಬರು ನಿಜಕ್ಕೂ ಅಪರಾಧ ಮಾಡುತ್ತಾರೆ, ಇದೂ ಎರಡೂ ಕಡೆ ಒಂದೇ. ಹಾಗಾದರೆ ಮೊದಲ ಗುಂಪಿನಲ್ಲಿ ಗುರುತು ಬಿದ್ದವರು 60, ಎರಡನೆಯದರಲ್ಲಿ 24. ಸುಮ್ಮಸುಮ್ಮನೆ ಗುರುತು ಬಿದ್ದವರು ಮೊದಲ ಗುಂಪಿನಲ್ಲಿ 20, ಎರಡನೆಯದರಲ್ಲಿ 8.

ಈಗ ತಪ್ಪು ಮಾಡದವರ ಕಡೆಯಿಂದ ನೋಡಿ. ಮೊದಲ ಗುಂಪಿನಲ್ಲಿ ಅಂಥವರು 50 ಮಂದಿ, ಅವರಲ್ಲಿ 20 ಮಂದಿಗೆ ಗುರುತು ಬಿದ್ದಿದೆ. ಶೇ. 40. ಎರಡನೆಯದರಲ್ಲಿ 80 ಮಂದಿ, 8 ಜನರಿಗೆ ಗುರುತು. ಶೇ. 10. ಯಂತ್ರ ಎರಡೂ ಗುಂಪನ್ನು "ಸಮಾನವಾಗಿ" ಕಂಡಿತು. ಆದರೂ ಮೊದಲ ಗುಂಪಿನ ನಿರಪರಾಧಿಯ ಪಾಲಿಗೆ ಅಪಾಯ ನಾಲ್ಕು ಪಟ್ಟು ಜಾಸ್ತಿ.

ಎರಡು ಗುಂಪುಗಳ ಮೂಲ ಪ್ರಮಾಣ, ಅಂದರೆ ಒಟ್ಟು ಜನರಲ್ಲಿ ಮತ್ತೆ ಅಪರಾಧ ಮಾಡುವವರ ಪಾಲು, ಬೇರೆಬೇರೆ ಇದ್ದಾಗ, ಭವಿಷ್ಯವಾಣಿ ನೂರಕ್ಕೆ ನೂರು ಸರಿಯಾಗದ ಹೊರತು, ಈ ಅಳತೆಗಳೆಲ್ಲ ಒಟ್ಟಿಗೆ ಸರಿಹೋಗುವುದು ಸಾಧ್ಯವೇ ಇಲ್ಲ. ಸಂಶೋಧಕರು ಇದನ್ನು ಗಣಿತದಿಂದಲೇ ಸಾಧಿಸಿ ತೋರಿಸಿದ್ದಾರೆ. ಕೋಡ್ ಚೆನ್ನಾಗಿ ಬರೆದರೆ ಸರಿಹೋಗುವ ಸಮಸ್ಯೆ ಇದಲ್ಲ. ಯಾವ ತಪ್ಪನ್ನು ಸಹಿಸಬೇಕು, ಯಾವುದನ್ನು ಸಹಿಸಬಾರದು ಎಂದು ಯಾರೋ ಆರಿಸಲೇಬೇಕು. ಆ ಆಯ್ಕೆ ನೈತಿಕ ಆಯ್ಕೆ. ನನಗೆ ನೋವಾಗುವುದು ಇಲ್ಲಿ: ಇಷ್ಟು ದೊಡ್ಡ ಆಯ್ಕೆಯನ್ನು ಸಂಸತ್ತಾಗಲಿ ನ್ಯಾಯಾಲಯವಾಗಲಿ ಚರ್ಚಿಸಿ ಮಾಡಲಿಲ್ಲ. ಒಂದು ಖಾಸಗಿ ಕಂಪನಿಯ ಸಾಫ್ಟ್‌ವೇರ್ ಒಳಗೆ ಅದು ಆಗಲೇ ತೀರ್ಮಾನವಾಗಿ ಹೋಗಿತ್ತು.

ಇನ್ನೊಂದು ಮಾತು. "ಮತ್ತೆ ಅಪರಾಧ ಮಾಡಿದರು" ಎಂದು ನಾವು ಹೇಳುವಾಗ ಡೇಟಾದಲ್ಲಿ ನಿಜಕ್ಕೂ ಇರುವುದು ಮತ್ತೆ ದಾಖಲಾದ ಕೇಸು ಅಥವಾ ಬಂಧನ. ಪೊಲೀಸರು ಜಾಸ್ತಿ ಓಡಾಡುವ ಕಡೆ ಬಂಧನವೂ ಜಾಸ್ತಿ ಅಲ್ವಾ? ಹಾಗಾಗಿ ಆ "ಮೂಲ ಪ್ರಮಾಣ" ಅನ್ನುವುದರಲ್ಲೇ ಹಳೆಯ ಪಕ್ಷಪಾತ ಸೇರಿಕೊಂಡಿರಬಹುದು. ಕಂಪಾಸ್ ಜನಾಂಗ ಯಾವುದು ಎಂದು ಕೇಳುವುದೇ ಇಲ್ಲ. ಆದರೂ ಫಲಿತಾಂಶ ಹೀಗೆ ಬಂತು. ಒಂದು ಪ್ರಶ್ನೆಯನ್ನು ಅರ್ಜಿಯಿಂದ ಅಳಿಸಿದ ಮಾತ್ರಕ್ಕೆ ತಾರತಮ್ಯ ಅಳಿಯುವುದಿಲ್ಲ.

ಕಾರಣ ಕೇಳುವ ಹಕ್ಕು

ಅದೇ 2016ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಸುಪ್ರೀಂ ಕೋರ್ಟ್ ಮುಂದೆ ಕಂಪಾಸ್ ಅಂಕದ ಬಗ್ಗೆಯೇ ಲೂಮಿಸ್ ಪ್ರಕರಣ ಬಂತು. ಆರು ವರ್ಷದ ಶಿಕ್ಷೆಗೆ ಒಳಗಾದ ವ್ಯಕ್ತಿಯ ತಕರಾರು ಸರಳವಾಗಿತ್ತು. ನನ್ನ ಅಂಕ ಹೇಗೆ ಬಂತು ಎಂದು ನನಗೇ ಗೊತ್ತಿಲ್ಲ, ಕಂಪನಿ ಅದನ್ನು ವ್ಯಾಪಾರದ ಗುಟ್ಟು ಅನ್ನುತ್ತಿದೆ, ಹಾಗಿದ್ದಾಗ ಅದು ತಪ್ಪು ಎಂದು ನಾನು ವಾದಿಸುವುದಾದರೂ ಹೇಗೆ? ನ್ಯಾಯಾಲಯ ಅಂಕದ ಬಳಕೆಯನ್ನು ಎತ್ತಿಹಿಡಿಯಿತು. ಅಂಕವೊಂದೇ ಶಿಕ್ಷೆಯನ್ನು ನಿರ್ಧರಿಸಬಾರದು, ವರದಿಯ ಜೊತೆ ಎಚ್ಚರಿಕೆಯ ಮಾತುಗಳಿರಬೇಕು ಎಂದು ಷರತ್ತು ಹಾಕಿತು. ಈ ತೀರ್ಪು ನನಗೆ ಒಪ್ಪಿಗೆಯಾಗಿಲ್ಲ. ನೋಡಲು ಬಿಡದ ಸಾಕ್ಷ್ಯದ ಮೇಲೆ ಎಷ್ಟು ಎಚ್ಚರಿಕೆ ಬರೆದರೂ ಅದು ನೋಡಲು ಬಿಡದ ಸಾಕ್ಷ್ಯವೇ.

ಯುರೋಪಿನಲ್ಲಿ ಹಾದಿ ಬೇರೆ. ಅಲ್ಲಿನ ಡೇಟಾ ರಕ್ಷಣಾ ಕಾನೂನು ಜಿಡಿಪಿಆರ್ 2018ರ ಮೇ 25ರಿಂದ ಅನ್ವಯವಾಗುತ್ತಿದೆ. ಅದರ 22ನೇ ವಿಧಿಯ ಪ್ರಕಾರ, ಬದುಕಿನ ಮೇಲೆ ಗಂಭೀರ ಪರಿಣಾಮ ಬೀರುವ ತೀರ್ಮಾನವನ್ನು ಪೂರ್ತಿ ಯಂತ್ರಕ್ಕೇ ಬಿಡುವಂತಿಲ್ಲ. ಕೆಲವು ವಿನಾಯಿತಿಗಳಿವೆ. ಇದನ್ನು ತಪ್ಪಿಸಿಕೊಳ್ಳಲು ಒಂದು ಸುಲಭ ದಾರಿ ಕಾಣುತ್ತದೆ: ಯಂತ್ರ ಅಂಕ ಕೊಡಲಿ, ಕೊನೆಗೆ ಒಬ್ಬ ಮನುಷ್ಯ ಸಹಿ ಹಾಕಲಿ. ಜರ್ಮನಿಯ ಶೂಫಾ ಎಂಬ ಸಂಸ್ಥೆ ಸಾಲಗಾರರಿಗೆ ಕೊಡುವ ಅಂಕದ ಬಗ್ಗೆ ಈ ವಾದ ಬಂತು. ನಾವು ಬರೀ ಅಂಕ ಕೊಡುತ್ತೇವೆ, ತೀರ್ಮಾನ ಬ್ಯಾಂಕಿನದು ಎಂದು ಅದು ಹೇಳಿತು. 2023ರ ಡಿಸೆಂಬರ್ 7ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಇದನ್ನು ತಳ್ಳಿಹಾಕಿತು. ಬ್ಯಾಂಕು ಆ ಅಂಕವನ್ನೇ ಬಲವಾಗಿ ನೆಚ್ಚಿಕೊಂಡಿದ್ದರೆ ಅಂಕ ಕೊಡುವುದೇ ತೀರ್ಮಾನ ಎಂದಿತು. ಉತ್ತರ ಬರೆಯುವಾಗ ಲೂಮಿಸ್ ಮತ್ತು ಶೂಫಾ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ಹೊಣೆ ಯಾರದು?

2018ರ ಮಾರ್ಚ್ 18ರ ರಾತ್ರಿ ಅರಿಜೋನಾದ ಟೆಂಪಿಯಲ್ಲಿ ಊಬರ್ ಕಂಪನಿ ಪರೀಕ್ಷೆಗೆ ಬಿಟ್ಟಿದ್ದ ಸ್ವಯಂಚಾಲಿತ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಡಿಕ್ಕಿ ಹೊಡೆಯಿತು. ಅವರು ಸತ್ತರು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ಓದಿದರೆ ಮೈ ಜುಮ್ಮೆನ್ನುತ್ತದೆ. ಡಿಕ್ಕಿಗೆ 5.6 ಸೆಕೆಂಡ್ ಮೊದಲೇ ಕಾರಿನ ಸೆನ್ಸರ್ ಅವರನ್ನು ಗುರುತಿಸಿತ್ತು. ಆದರೆ ಒಮ್ಮೆ ವಾಹನ ಅಂದುಕೊಂಡಿತು, ಒಮ್ಮೆ ಬೇರೇನೋ ವಸ್ತು, ಒಮ್ಮೆ ಸೈಕಲ್. ಹೆಸರು ಬದಲಾದಾಗಲೆಲ್ಲ ಅವರು ಎತ್ತ ಸಾಗುತ್ತಿದ್ದಾರೆ ಎಂಬ ಹಿಂದಿನ ಲೆಕ್ಕ ಕೈಬಿಟ್ಟು ಹೋಗುತ್ತಿತ್ತು. ಜನ ಜೀಬ್ರಾ ಕ್ರಾಸಿಂಗ್ ಇಲ್ಲದ ಕಡೆಯೂ ದಾಟುತ್ತಾರೆ ಎಂಬುದನ್ನು ಆ ವ್ಯವಸ್ಥೆಯ ವಿನ್ಯಾಸದಲ್ಲಿ ಪರಿಗಣಿಸಿಯೇ ಇರಲಿಲ್ಲ. ಕಾರಿಗೆ ಕಾರ್ಖಾನೆಯಲ್ಲೇ ಬಂದಿದ್ದ ತುರ್ತು ಬ್ರೇಕು, ಕಾರು ತಾನೇ ಓಡುವಾಗ ಕೆಲಸ ಮಾಡದಂತೆ ಮಾಡಲಾಗಿತ್ತು. ಕಾರಿನ ಮೇಲೆ ಕಣ್ಣಿಡಲು ಒಳಗೆ ಕುಳಿತಿದ್ದ ಚಾಲಕಿ ಫೋನಿನಲ್ಲಿ ಕಾರ್ಯಕ್ರಮ ನೋಡುತ್ತಿದ್ದರು.

ಕೊನೆಗೆ ಏನಾಯಿತು? ಕಂಪನಿಯ ಮೇಲೆ ಕ್ರಿಮಿನಲ್ ಹೊಣೆ ಹೊರಿಸಲು ಆಧಾರವಿಲ್ಲ ಎಂದು 2019ರಲ್ಲಿ ಸರ್ಕಾರಿ ವಕೀಲರು ಹೇಳಿದರು. ಚಾಲಕಿ 2023ರಲ್ಲಿ ತಪ್ಪೊಪ್ಪಿಕೊಂಡರು, ಮೂರು ವರ್ಷ ಮೇಲ್ವಿಚಾರಣೆಯಲ್ಲಿ (ಪ್ರೊಬೇಷನ್) ಇರುವಂತೆ ಆದೇಶವಾಯಿತು. ಅವರ ನಿರ್ಲಕ್ಷ್ಯವನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ತನಿಖೆಯಲ್ಲಿ ಕಂಡ ವಿನ್ಯಾಸದ ಆಯ್ಕೆಗಳನ್ನು ಮಾಡಿದವರು ಹಲವರು, ಕಟಕಟೆಯಲ್ಲಿ ನಿಂತವರು ಒಬ್ಬರೇ. "ಮನುಷ್ಯರ ಮೇಲ್ವಿಚಾರಣೆ ಇರಲಿ" ಎಂಬ ಒಳ್ಳೆಯ ತತ್ವ, ಸರಿಯಾಗಿ ಬಳಸದಿದ್ದರೆ, ತಪ್ಪನ್ನು ಕೆಳಗಿನವರ ತಲೆಗೆ ಕಟ್ಟುವ ಸಾಧನವಾಗುತ್ತದೆ.

ಚಿಕ್ಕ ಮೊತ್ತದ ಒಂದು ಪ್ರಕರಣ ಇದಕ್ಕಿಂತ ಸ್ಪಷ್ಟ ಉತ್ತರ ಕೊಟ್ಟಿತು. ಏರ್ ಕೆನಡಾ ಜಾಲತಾಣದ ಚಾಟ್‌ಬಾಟ್, ಮನೆಯಲ್ಲಿ ಸಾವಾದಾಗ ಸಿಗುವ ರಿಯಾಯಿತಿ ದರದ ಬಗ್ಗೆ ಪ್ರಯಾಣಿಕರೊಬ್ಬರಿಗೆ ತಪ್ಪು ಮಾಹಿತಿ ಕೊಟ್ಟಿತು. ಕೇಸು ಬಿದ್ದಾಗ, ಚಾಟ್‌ಬಾಟ್ ತನ್ನ ಮಾತಿಗೆ ತಾನೇ ಹೊಣೆಯಾದ ಪ್ರತ್ಯೇಕ ಕಾನೂನು ವ್ಯಕ್ತಿ ಎಂಬರ್ಥದ ವಾದವನ್ನು ಕಂಪನಿ ಮುಂದಿಟ್ಟಿತು. 2024ರ ಫೆಬ್ರವರಿಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಮಂಡಳಿ ಅದನ್ನು ಒಪ್ಪಲಿಲ್ಲ. ನಿಮ್ಮ ಜಾಲತಾಣದಲ್ಲಿ ಬರುವ ಮಾಹಿತಿಗೆಲ್ಲ ನೀವೇ ಹೊಣೆ, ಅದು ಚಾಟ್‌ಬಾಟ್ ಹೇಳಿದ್ದಾದರೂ ಅಷ್ಟೇ, ಎಂದಿತು.

ಯಂತ್ರಕ್ಕೆ ಕಾನೂನು ವ್ಯಕ್ತಿಯ ಸ್ಥಾನ ಕೊಡುವ ಆಲೋಚನೆ ಹೊಸದೇನಲ್ಲ. 2017ರಲ್ಲಿ ಯುರೋಪಿಯನ್ ಸಂಸತ್ತು ರೋಬೋಗಳಿಗೆ "ಎಲೆಕ್ಟ್ರಾನಿಕ್ ವ್ಯಕ್ತಿ" ಎಂಬ ಸ್ಥಾನ ಕೊಡುವುದನ್ನು ಪರಿಶೀಲಿಸಿ ಎಂದು ನಿರ್ಣಯದಲ್ಲಿ ಹೇಳಿತ್ತು. ಮರುವರ್ಷ ನೂರೈವತ್ತಕ್ಕೂ ಹೆಚ್ಚು ತಜ್ಞರು ವಿರೋಧಿಸಿ ಬಹಿರಂಗ ಪತ್ರ ಬರೆದರು. ನಾನು ಆ ತಜ್ಞರ ಪರ. ಯಂತ್ರಕ್ಕೆ ಆಸ್ತಿ ಇಲ್ಲ, ಜೈಲಿನ ಭಯ ಇಲ್ಲ. ಅದನ್ನು ವ್ಯಕ್ತಿ ಎಂದರೆ ಲಾಭವಾಗುವುದು ಅದರ ಹಿಂದೆ ನಿಂತವರಿಗೆ.

ಎಐ ಕಾಯ್ದೆ, ಚುಟುಕಾಗಿ

ಯುರೋಪಿನ ಕಾಯ್ದೆ ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಬಳಕೆಯನ್ನು ನೋಡುತ್ತದೆ. ನಡತೆ ನೋಡಿ ಜನರಿಗೆ ಸಾಮಾಜಿಕ ಅಂಕ ಕೊಟ್ಟು ಅನ್ಯಾಯವಾಗಿ ನಡೆಸಿಕೊಳ್ಳುವುದು, ಕೆಲಸದ ಜಾಗದಲ್ಲೂ ಶಾಲೆಯಲ್ಲೂ ಭಾವನೆ ಅಳೆಯುವುದು ಇಂಥವು ನಿಷಿದ್ಧ (ಭಾವನೆ ಅಳೆಯಲು ವೈದ್ಯಕೀಯ, ಸುರಕ್ಷತೆಯ ಕಾರಣಕ್ಕೆ ವಿನಾಯಿತಿ ಇದೆ). ಈ ನಿಷೇಧ 2025ರ ಫೆಬ್ರವರಿ 2ರಿಂದ ಅನ್ವಯ. ನೇಮಕಾತಿ, ಸಾಲದ ಅರ್ಹತೆ, ಪರೀಕ್ಷೆ, ಪೊಲೀಸ್ ಕೆಲಸದ ಹಲವು ಬಳಕೆಗಳು ಹೆಚ್ಚಿನ ಅಪಾಯದ ಪಟ್ಟಿಯಲ್ಲಿವೆ. ಅವಕ್ಕೆ ದಾಖಲೆ, ಡೇಟಾದ ಗುಣಮಟ್ಟ, ಮನುಷ್ಯರ ಮೇಲ್ವಿಚಾರಣೆ ಬೇಕು. ಚಾಟ್‌ಬಾಟ್ ಆದರೆ ತಾನು ಯಂತ್ರ ಎಂಬುದು ಬಳಕೆದಾರರಿಗೆ ಗೊತ್ತಾಗಬೇಕು. ಉಳಿದ ಬಹುಪಾಲಿಗೆ ಹೊಸ ಕಟ್ಟುಪಾಡು ಇಲ್ಲ.

ಹಾನಿಯಾದವರಿಗೆ ಪರಿಹಾರ ಕೊಡುವ ವಿಷಯ ಮಾತ್ರ ಇನ್ನೂ ಅರ್ಧದಲ್ಲಿದೆ. ಎಐ ಹೊಣೆಗಾರಿಕೆಗೆಂದೇ 2022ರಲ್ಲಿ ಬಂದ ಪ್ರಸ್ತಾಪವನ್ನು 2025ರಲ್ಲಿ ಕೈಬಿಟ್ಟರು. ಬದಲಿಗೆ ಉತ್ಪನ್ನ ಹೊಣೆಗಾರಿಕೆಯ ಹೊಸ ನಿರ್ದೇಶನ ಇದೆ. ಅದರಲ್ಲಿ ಸಾಫ್ಟ್‌ವೇರ್ ಕೂಡ ಉತ್ಪನ್ನವೇ. ಸದಸ್ಯ ದೇಶಗಳು 2026ರ ಡಿಸೆಂಬರ್ 9ರೊಳಗೆ ಅದನ್ನು ತಮ್ಮ ಕಾನೂನಿಗೆ ತರಬೇಕು. ತಾಂತ್ರಿಕ ಜಟಿಲತೆಯಿಂದ ದೋಷವನ್ನು ಸಾಬೀತುಪಡಿಸುವುದು ತೀರಾ ಕಷ್ಟವಾದರೆ, ದೋಷ ಇದೆ ಎಂದೇ ನ್ಯಾಯಾಲಯ ಊಹಿಸಿಕೊಳ್ಳಲು ಅದರಲ್ಲಿ ಅವಕಾಶವಿದೆ. ಇದು ದೊಡ್ಡ ಹೆಜ್ಜೆ. ಆದರೆ ಅದು ನೋಡುವುದು ಸಾವು, ದೇಹಕ್ಕೋ ಮನಸ್ಸಿಗೋ ಆದ ಹಾನಿ, ಆಸ್ತಿ ಮತ್ತು ಡೇಟಾ ನಷ್ಟವನ್ನು. ತಾರತಮ್ಯ ಅದರ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ತಾರತಮ್ಯ ವಿರೋಧಿ ಕಾನೂನುಗಳ ಜೊತೆಗೆ, ಹೆಚ್ಚಿನ ಅಪಾಯದ ತೀರ್ಮಾನಗಳಿಗೆ ವಿವರಣೆ ಕೇಳುವ ಹಕ್ಕು ಕೊಡುವ ಎಐ ಕಾಯ್ದೆಯ 86ನೇ ವಿಧಿಯನ್ನು ಓದಿ. ಚಿಕ್ಕದೇ ಇದೆ, ಮೂಲ ಪಠ್ಯದಲ್ಲೇ ಓದಬಹುದು.