ಎರಡು ಮೈಯ ಗೋಡೆಯನ್ನು ಒಂದಾಗಿಸುವುದು ಹೇಗೆ?

ಆಳಂದ, ಚಿಂಚೋಳಿ, ಬಸವಕಲ್ಯಾಣ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಗೋಡೆಯ ದಪ್ಪ ಎರಡಡಿಗೂ ಹೆಚ್ಚು. ದಪ್ಪ ಇದ್ದರೆ ಗಟ್ಟಿ ಎಂಬ ನಂಬಿಕೆ ಭೂಕಂಪದ ಮುಂದೆ ನಿಲ್ಲುವುದಿಲ್ಲ. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವೆ ಚೂರುಗಲ್ಲು, ಕೆಸರು. ನೆಲ ಅಲುಗಿದರೆ ಚೂರು ಕೆಳಗೆ ಜಾರಿ ಬೆಣೆಯಂತೆ ಎರಡೂ ಮೈಯನ್ನು ಸೀಳುತ್ತದೆ, ಮಾಳಿಗೆ ಕುಸಿಯುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ, ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಮಲಗಿದ್ದವರ ಮೇಲೆ ಬಿದ್ದದ್ದು ಇಂಥದೇ ಗೋಡೆ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲೂಕಿನ ನಮ್ಮ ಗಡಿಕೇಶ್ವಾರದಲ್ಲೂ ನೆಲ ಮತ್ತೆ ಮತ್ತೆ ನಡುಗಿತು.

ಮನೆ ಕೆಡವದೆಯೂ, ಗೋಡೆಯ ಆಚೆ ಈಚೆ ಹಾಯುವ ತೂತು ಮಾಡಿ ಕಾಂಕ್ರೀಟ್ ತುಂಬಿ, ಈ ಎರಡು ಮೈಯನ್ನು ಹೊಲಿಯಬಹುದು. ಅಡ್ಡಕ್ಕೂ ಎತ್ತರಕ್ಕೂ ಸುಮಾರು ಒಂದು ಮೀಟರಿಗೊಂದು ಗುರುತು ಹಾಕಿ. ಮೇಲಿನ ಸಾಲಿನ ಗುರುತು ಕೆಳಗಿನ ಎರಡರ ನಡುವೆ ಬರಲಿ. 20 ಅಡಿ ಉದ್ದ, 10 ಅಡಿ ಎತ್ತರದ ಗೋಡೆಗೆ ಇಂಥ ಸುಮಾರು 18 ಗುರುತು ಬೇಕಾಗುತ್ತವೆ. ಗುರುತಿನ ಕಲ್ಲಿನ ಸುತ್ತ ಕೆಸರು ಕೆರೆದು, ಸಣ್ಣ ಹಾರೆಯಿಂದ ಅತ್ತಿತ್ತ ಮೆಲ್ಲಗೆ ಅಲುಗಾಡಿಸಿ ಕಲ್ಲನ್ನು ಹೊರಗೆಳೆಯಬೇಕು. ಸುತ್ತಿಗೆ ಏಟು, ಡ್ರಿಲ್ ಮಿಷನ್ ಬೇಡವೇ ಬೇಡ. ಆ ಅದುರಿಗೆ ಪಕ್ಕದ ಕಲ್ಲೂ ಸಡಿಲವಾಗುತ್ತದೆ. ನಡುವಿನ ಚೂರನ್ನು ಕೈಯಿಂದ ತೆಗೆದು 75 ಮಿಮೀ ತೂತು ಮಾಡಿ, ಆಚೆ ಬದಿಯ ಕಲ್ಲನ್ನೂ ಹಾಗೆಯೇ ಬಿಡಿಸಿ. ತೂತು ನಡುವೆ ಸಣ್ಣದು, ಎರಡು ತುದಿಗೆ ಅಗಲ ಇರಬೇಕು. ಆ ಅಗಲವೇ ಎರಡೂ ಮೈಯನ್ನು ಹಿಡಿಯುವುದು. 1:2:4 (ಒಂದು ಪಾಲು ಸಿಮೆಂಟ್, ಎರಡು ಮರಳು, ನಾಲ್ಕು ಜಲ್ಲಿ) ಕಾಂಕ್ರೀಟನ್ನು ಅರ್ಧ ತುಂಬಿ, ಎರಡೂ ತುದಿ ಕೊಕ್ಕೆಯಾಗಿ ಬಾಗಿಸಿದ 8 ಮಿಮೀ ಸರಳು ಇಟ್ಟು, ಮೇಲೆ ಪೂರ್ತಿ ತುಂಬಿ. ಸರಳು ಹೊರಗೆ ಕಾಣಬಾರದು, ತುಕ್ಕು ಹಿಡಿಯುತ್ತದೆ.

ಗೋಡೆ ಈಗಾಗಲೇ ಉಬ್ಬಿ ಹೊಟ್ಟೆ ಬಿಟ್ಟಿದ್ದರೆ ಅಲ್ಲಿ ತೂತು ತೆಗೆಯಬೇಡಿ. ಮಾಳಿಗೆಗೆ ಆಸರೆ ಕೊಟ್ಟು ಅಷ್ಟು ಭಾಗ ಬಿಚ್ಚಿ ಮತ್ತೆ ಕಟ್ಟುವುದೊಂದೇ ದಾರಿ. ಹೊರಗೆ ಸಿಮೆಂಟ್ ಗಿಲಾವು ಮಾಡಿಸಿದರೆ ಹೊಟ್ಟೆ ಮರೆಯಾಗುತ್ತದೆ, ಹೋಗುವುದಿಲ್ಲ.

ಇನ್ನು ಮಾಳಿಗೆ. ಸೋರಿದಾಗಲೆಲ್ಲ ಮೇಲೊಂದು ಪದರ ಮಣ್ಣು ಬೀಳುತ್ತದೆ. 100 ಚದರಡಿ ಕೋಣೆಯ ಮೇಲೆ ಒಂದಡಿ ಮಣ್ಣೆಂದರೆ ನಾಲ್ಕು ಟನ್ನಿಗೂ ಹೆಚ್ಚು. ಹಳೆಯದನ್ನು ಇಳಿಸಿ, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಎಂಟು ಇಂಚಿಗಿಂತ ಕಡಿಮೆ ಮಣ್ಣು ಹಾಕಿದರೆ ಸಾಕು.

ಹೊಸದಾಗಿ ಕಲ್ಲಿನ ಮನೆ ಕಟ್ಟುವವರು ಗೋಡೆಯನ್ನು 450 ಮಿಮೀಗೆ ನಿಲ್ಲಿಸಲಿ. ಎತ್ತರದಲ್ಲಿ ಎರಡಡಿಗೊಂದು, ಉದ್ದದಲ್ಲಿ ನಾಲ್ಕಡಿಗೊಂದು, ಎರಡೂ ಮೈಗೆ ಮುಟ್ಟುವ ಉದ್ದಗಲ್ಲು ಕೂರಿಸಬೇಕು. ಶಹಾಬಾದ್ ಕಲ್ಲು ಇರುವ ಜಿಲ್ಲೆಯಲ್ಲಿ ಇದಕ್ಕೆ ಬರವಿಲ್ಲ. ನೆಲಕ್ಕೆ ಹಾಸುವ ತೆಳು ಫರ್ಸಿ ಮಾತ್ರ ಬೇಡ, ಮುರಿಯುತ್ತದೆ. ಬಾಗಿಲು, ಕಿಟಕಿಗಳ ಮೇಲೆ ಎಲ್ಲ ಗೋಡೆಗಳನ್ನೂ ಸುತ್ತುವ 75 ಮಿಮೀ ಕಾಂಕ್ರೀಟ್ ಪಟ್ಟಿ ಇರಲಿ, ಒಳಗೆ ಎರಡು ಸರಳು. ಮೂಲೆಯಲ್ಲಿ ಸರಳು ತುಂಡಾಗದೆ ಬಾಗಿ ಮುಂದಿನ ಗೋಡೆಗೆ ಹೋಗಬೇಕು. ಗೌಂಡಿಗಳು ಅವಸರದಲ್ಲಿ ಬಿಡುವುದು ಇದನ್ನೇ, ಮೂಲೆ ಬಾಯಿಬಿಡುವುದೂ ಇದರಿಂದಲೇ.

ಹಳೆ ಗೋಡೆಯ ಕೆಲಸಕ್ಕೆ ಕೆಸರು ಒಣಗಿ ಬಿಗಿಯಾಗಿರುವ ಬೇಸಿಗೆಯೇ ಸರಿ. ಆದರೆ ನಮ್ಮ ಬಿಸಿಲಿಗೆ ಕಾಂಕ್ರೀಟ್ ಬೇಗ ಒಣಗಿ ಸೀಳುತ್ತದೆ. ಹತ್ತು ದಿನ ಎರಡೂ ಬದಿಗೆ ನೀರು ಚಿಮುಕಿಸಿ. ಪೈಪ್ ಹಿಡಿದು ಸುರಿದರೆ ಒಳಗಿನ ಕೆಸರು ಕರಗುತ್ತದೆ.